ಬೂಟು ಕಾಲಲ್ಲ ಅಂದಾಂವ

ಇದು ಖರೇನ ನಡದದ್ದು. ಒಂದ ಮಾತು ಸುಳ್ಳಾದ್ರ, ಮೂಲ್ಯಾಗ ನಿಲ್ಲಿಸಿದ ನನ್ನ ಹಾಕಿ ಬಡಿಗಿಗೆ ಗೆದ್ದಲ ಹತ್ತಲಿ.

ಯಮನೂರಿ ಬಂದು ಕುಂತ. ಆಟ ನಾನ ಕಲಿಸಿದ್ದು, ಈಗ ನಮ್ಮ ಐತವಾರದ ಟೀಮಿಗೆ ಅಂವ ಕ್ಯಾಪ್ಟನ್. ಮಾರಿ ಊದಿಸಿಕೊಂಡಿದ್ದ.

"ವಸ್ತಾದ್ರ, ಕೆಳಗಿನ ಓಣ್ಯಾವ್ರ ರೂಲ್ ಒಂದು, ನಮ್ಮ ರೂಲ್ ಒಂದು. ಹ್ವಾದ ವಾರ ಪೆನಾಲ್ಟಿ ಸಂಬಂಧ ಜಗಳಾತು. ಯಾರ ರೂಲ್ ಖರೇ, ನೀವ ಹೇಳ್ರಿ. ಅವರದು ಸುಳ್ಳಂದ್ರ ಇನ್ನ ಮ್ಯಾಲ ಅವರ ಕೂಡ ಆಡೂದಿಲ್ಲ."

ಆ ಓಣಿ ಕ್ಯಾಪ್ಟನ್ ಅಂದ್ರ ಇವನ ಹೆಂಡತಿ ತಮ್ಮ. ಜಗಳಾದಾಗಿಂದ ಅಕ್ಕನ ಮನಿಗೆ ಬರೂದೂ ಬಿಟ್ಟಾನಂತ.

ನಾ ಹೇಳಿದೆ. ಕೇಳಪಾ.

ಒಬ್ಬ ಫಿಟರ್ ಇದ್ದ, ರೇಲ್ವೇದಾಗ. ಅಂವ ನಾನ. ಆ ಸ್ಟೇಷನ್ನಿನ ಸುತ್ತಮುತ್ತ ಹಾಕಿಯೊಳಗ ಗೋಲಿನ ಮುಂದ ಚೆಂಡು ತಡಿಯೂ ನನ್ನಂಥಾ ಬ್ಯಾಕ್ ಹುಟ್ಟಿರಲಿಲ್ಲ, ಈಗೂ ಹುಟ್ಟಿಲ್ಲ. ಒಬ್ಬ ನೇಕಾರ ಇದ್ದ. ಅಂವ ಮಗ್ಗದ ಓಣಿ ಟೀಮಿನ ಫಾರ್ವರ್ಡ್. ಐತವಾರಕ್ಕೊಮ್ಮೆ ಅವರಿಗೂ ನಮಗೂ ಗೂಡ್ಸ್ ಶೆಡ್ಡಿನ ಹಿಂದ ಆಟ. ಸುತ್ತ ಹತ್ತು ಊರಾಗ ಹಾಕಿ ಆಡಾವ್ರು ನಾವ ಎರಡ ಟೀಮು.

ನಮಗ ಕ್ಯಾನ್ವಾಸ್ ಬೂಟು. ಅವರದು ಬರಿಗಾಲು. ನಮ್ಮ ರೂಲಿನ್ಯಾಗ ಬೇಕಂತ ಕಾಲು ಅಡ್ಡ ಕೊಟ್ಟರಷ್ಟ ತಪ್ಪು. ಅವರ ರೂಲಿನ್ಯಾಗ ಚೆಂಡು ಹ್ಯಾಂಗರ ಬರಲಿ, ಕಾಲಿಗೆ ತಾಗಿತಂದ್ರ ತಪ್ಪು, ಗೋಲಿನ ಮುಂದಾದ್ರ ಪೆನಾಲ್ಟಿ. ಮೊದಲ ನಮ್ಮ ರೂಲಿಂದ ಆಡಿದೆವು. ಆಮ್ಯಾಲ ಅವರು ಹಟ ಹಿಡದ್ರು. ಜಗ್ಗಾಡಿ ಜಗ್ಗಾಡಿ ಕಡೀಕ ಹೂಂ ಅಂದೆವು.

ಒಂದು ಐತವಾರ ಆಟ ಮುಗಿಯಾಕ ಎರಡ ನಿಮಿಷ ಇತ್ತು. ನಮ್ಮದೊಂದು ಗೋಲಾಗಿತ್ತು, ಅವರದು ಇಲ್ಲ. ನೇಕಾರ ಹೊಡದ ಚೆಂಡು ಸೀದಾ ಗೋಲಿಗೆ ಹೊಂಟಿತ್ತು. ನನ್ನ ಬೂಟಿಗೆ ಬಡದು ಹೊರಗ ಹೋತು. ಅವರೆಲ್ಲಾ ಕಾಲು, ಕಾಲು ಅಂತ ಕೈ ಎತ್ತಿದ್ರು. ಅಂಪೈರ್ ಆಗಿದ್ದಾಂವ ಸೈಕಲ್ ಅಂಗಡಿ ಮಾಲಕ. ಸೀಟಿ ಬಾಯಾಗ ಇಟ್ಟಕೊಂಡು ನನ್ನ ಮಾರಿ ನೋಡಿದ.

ನಾ ಅಂದೆ, "ಕಾಲಿಗೆ ತಾಗಿದ್ರ ತಪ್ಪು ಅಂತ ಮಾತಾಗೇತಿ. ಇದು ಕಾಲಲ್ಲ, ಬೂಟು."

ನನ್ನ ದನಿ ಅವಾಗ ಇಂಜಿನ್ನಿಗಿಂತ ಜೋರಿತ್ತು. ಪಾಪದ ಮನಶ್ಯಾ, ಸೀಟಿ ಬಾಯಿಂದ ತಗದ. ನಾವು ಗೆದ್ದೆವು. ನನ್ನ ಹೆಗಲ ಮ್ಯಾಲ ಹೊತ್ತು ತಿರುಗಿಸಿದ್ರು.

ಮುಂದಿನ ಐತವಾರ ನೇಕಾರರು ಬರಲಿಲ್ಲ. ಅದರ ಮುಂದಿನ ಐತವಾರನೂ ಇಲ್ಲ. ನಾವು ಹನ್ನೊಂದು ಮಂದಿ ಬೂಟು ಕಟಗೊಂಡು ಬಯಲಾಗ ನಿಂತು, ಒಬ್ಬರ ಮಾರಿ ಒಬ್ಬರು ನೋಡಿ ಮನಿಗೆ ಬಂದೆವು. ಐತವಾರ ಅಷ್ಟ ಉದ್ದ ಇರತೈತಿ ಅಂತ ನನಗ ಗೊತ್ತಿರಲಿಲ್ಲ.

ಮೂರನೇ ವಾರ ನೇಕಾರನ ಮನಿಗೆ ಹೋದೆ. ಬೈಯಾಕ ಹೋದದ್ದು, ಸುಳ್ಳ್ಯಾಕ ಹೇಳಲಿ. ಬಾಗಲದಾಗ ಬೂಟು ಬಿಚ್ಚಿ ಒಳಗ ಕಾಲಿಟ್ಟೆ. ಅಂವ ಮಗ್ಗದ ಕೆಳಗಿನ ಕುಣಿಯೊಳಗ ಕಾಲು ಇಳಿಬಿಟ್ಟು ಹಲಗಿ ತುಳೀತಿದ್ದ. ಕಾಲು ತುಳದ್ರ ನೂಲು ಏಳತೈತಿ, ಕಾಲು ನಿಂತರ ಸೀರಿ ನಿಲ್ಲತೈತಿ. ಒಂದು ಕಾಲಿನ ಹೆಬ್ಬಟ್ಟಿಗೆ ಉಗರ ಇರಲಿಲ್ಲ. ನಮ್ಮ ರೂಲಿಂದ ಆಡಿದಾಗ ಬಿದ್ದ ಪೆಟ್ಟಂತ. ಹದಿನೈದು ದಿನ ಮಗ್ಗ ನಿಂತಿತ್ತಂತ.

"ಕಾಲಿಗೆ ತಾಗಿದ್ರ ತಪ್ಪು ಅಂತ ಇಟ್ಟರ ನಮ್ಮ ಮಂದಿ ಚೆಂಡಿಗೆ ಕಾಲು ಕೊಡೂದಿಲ್ಲ, ಫಿಟರಣ್ಣ," ಅಂದ. "ಅದು ಗೆಲ್ಲಾಕ ಮಾಡಿದ ರೂಲಲ್ಲ."

ಬೈಯಾಕ ಹೋದಾಂವ ಚಾ ಕುಡದು ಎದ್ದೆ. ಹೊಂಟಾಗ ಹೇಳಿದೆ, ಐತವಾರ ಬಾ, ನಿಂದೊಂದು ಪೆನಾಲ್ಟಿ ಬಾಕಿ ಐತಿ.

ಎಲ್ಲಾರೂ ಬಂದ್ರು. ಗೋಲಿನ ಗುರ್ತಿಗೆ ಇಟ್ಟ ಎರಡು ಕಲ್ಲಿನ್ಯಾಗ ಒಂದನ್ನ ಯಾರೋ ಒಯ್ದಿದ್ರು. ನನ್ನ ಬೂಟು ಬಿಚ್ಚಿ, ಲೇಸಿಗೆ ಲೇಸು ಗಂಟು ಹಾಕಿ, ಆ ಜಾಗಾದಾಗ ಇಟ್ಟೆ. ಬರಿಗಾಲಲೆ ಗೋಲಿನ್ಯಾಗ ನಿಂತೆ. ನೇಕಾರ ಹೊಡದ. ಅಂಥಾ ಹೊಡ್ತ ನಾ ನೋಡಿಲ್ಲ, ನಾ ಹೊಡದದ್ದು ಬಿಟ್ಟು. ಚೆಂಡು ಬೂಟಿಗೆ ಬಡದು ಹೊರಗ ಸಿಡೀತು. ಬೂಟು ಹಾರಿ ಗಟಾರದಾಗ ಬಿದ್ದು ತೇಲಿಕೊಂತ ಹೋದ್ವು.

ನೇಕಾರ ಬಡಿಗಿ ಕೆಳಗಿಟ್ಟ. "ಹೋತು ಬಿಡ ಫಿಟರಣ್ಣ, ಬೂಟಿಗೆ ಬಡೀತು."

"ಅದು ಬೂಟಲ್ಲೋ," ನಾ ಅಂದೆ, "ನನ್ನ ಕಾಲು. ಇನ್ನೊಂದು ಪೆನಾಲ್ಟಿ ಹೊಡಿ."

ಅಂಪೈರ್ ನಗೂದು ನಿಲ್ಲಿಸಿ ಸೀಟಿ ಊದಾಕ ಹೊತ್ತಾತು. ಅವತ್ತಿಂದ ಇಪ್ಪತ್ತೆಂಟು ವರ್ಷ ಆಡಿದೆವು. ಪೆನಾಲ್ಟಿ ಜಗಳ ಇಲ್ಲದ ಐತವಾರ ಒಂದೂ ಇಲ್ಲ. ಜಗಳ ಮುಗದ ಮ್ಯಾಲ ಚಾ ಮಾತ್ರ ನೇಕಾರನ ಮನ್ಯಾಗ.

ಯಮನೂರಿ ತನ್ನ ಬೂಟು ನೋಡಿಕೊಂತ ಕುಂತ. ಕಡೀಕ ಕೇಳಿದ, "ಹಂಗಾರ ಯಾರ ರೂಲ್ ಖರೇ ವಸ್ತಾದ್ರ?"

ನಾ ಅಂದೆ, "ಅದು ನನಗ ಇನ್ನೂ ಗೊತ್ತಾಗಿಲ್ಲೋ, ಆ ಜಗಳದಾಗ ನಾ ಕಳಕೊಂಡದ್ದು ಬೂಟಿಂದು ಹನ್ನೆರಡು ರೂಪಾಯಿ ಎಪ್ಪತ್ತೈದು ಪೈಸೆ, ಅಷ್ಟ."