ಗಾಳಿಮರವನ್ನು ಹಿಡಿದು ಕುಳಿತವನು

"ಗುರುಗಳೇ, ಬೇರೆಯವರು ನಮ್ಮನ್ನು ತಮ್ಮವರೆಂದು ಒಪ್ಪಿಕೊಳ್ಳಬೇಕಾದರೆ ಏನು ಮಾಡಬೇಕು?"

ಕೇಳಿದವನು ಆಶ್ರಮಕ್ಕೆ ಹೊಸಬ. ಎಲ್ಲರಿಗಿಂತ ಮೊದಲು ಎದ್ದು ಅಂಗಳ ಗುಡಿಸುತ್ತಿದ್ದ. ಯಾರೂ ಹೇಳದಿದ್ದರೂ ಎಲ್ಲರ ಬಟ್ಟೆ ಒಗೆಯುತ್ತಿದ್ದ. ಆದರೂ ಊಟಕ್ಕೆ ಕುಳಿತಾಗ ಹಳಬರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಗುರುಗಳು ಒಂದು ಕತೆ ಹೇಳತೊಡಗಿದರು.

ನದಿ ಸಮುದ್ರ ಸೇರುವ ಕಡೆ ಒಬ್ಬ ಅಂಬಿಗನಿದ್ದ. ಬಹಳ ಕಾಲ ಒಂಟಿಯಾಗಿದ್ದವನು ನಡುವಯಸ್ಸಿನಲ್ಲಿ ಒಬ್ಬ ವಿಧವೆಯನ್ನು ಮದುವೆಯಾದ. ಇಬ್ಬರೂ ಒಂದೇ ಇಗರ್ಜಿಗೆ ಹೋಗುವವರು. ಅವಳು ಹೊಲಿಗೆ ಮಾಡಿ ಮನೆ ನಡೆಸುತ್ತಿದ್ದಳು. ಅವಳಿಗೆ ಜೆಸಿಂತಾ ಎಂಬ ಮಗಳಿದ್ದಳು. ಹುಡುಗಿಗೆ ಆರು ತುಂಬುವ ಮೊದಲೇ ತಂದೆ ಜ್ವರದಿಂದ ತೀರಿಕೊಂಡಿದ್ದ.

ಅಂಬಿಗ ಆ ಮನೆಗೆ ಬಂದ. ಹುಡುಗಿ ಅವನನ್ನು ಬೈಯಲಿಲ್ಲ, ಹಟ ಮಾಡಲಿಲ್ಲ. ಅವನು ಬಂದು ಕುಳಿತರೆ ಎದ್ದು ಇನ್ನೊಂದು ಕೋಣೆಗೆ ಹೋಗುತ್ತಿದ್ದಳು, ಅಷ್ಟೇ. ಅವನು ತಂದ ಮಿಠಾಯಿಯನ್ನು ತಾಯಿಯ ಕೈಗೆ ಕೊಡುತ್ತಿದ್ದಳು.

ಮೊದಲ ಕ್ರಿಸ್ಮಸ್ ಬಂತು. ಆ ಕಡೆ ಕ್ರಿಸ್ಮಸ್ ಮರವೆಂದರೆ ಗಾಳಿಮರದ ಕೊಂಬೆ. ತಾಯಿ ಮಗಳು ಸೇರಿ ಅದನ್ನು ಸಿಂಗರಿಸಿದರು. ಅಂಬಿಗ ಹಲವು ದಿನ ದಂಡೆಯಲ್ಲಿ ಚಿಪ್ಪು ಆಯ್ದು, ಪೋಣಿಸಿ, ಒಂದು ಸರ ಮಾಡಿದ್ದ. ಅದನ್ನು ಎಲ್ಲರಿಗೂ ಕಾಣುವ ಹಾಗೆ ಮುಂದುಗಡೆಯೇ ತೂಗುಹಾಕಿದ. ಬೆಳಿಗ್ಗೆ ನೋಡಿದರೆ ಸರ ಕಿಟಕಿಯ ದಂಡೆಯ ಮೇಲಿತ್ತು. ಒಂದು ಚಿಪ್ಪೂ ಮುರಿದಿರಲಿಲ್ಲ. ಹುಡುಗಿ ಅದನ್ನು ಜೋಪಾನವಾಗಿ ಬಿಚ್ಚಿ, ಸುರುಳಿ ಸುತ್ತಿ ಇಟ್ಟಿದ್ದಳು. ಬಿಸಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದು ಅಂಬಿಗನಿಗೆ ಅನಿಸಿತು.

ಮರುವರ್ಷ ಅವನು ಸಿಂಗಾರಕ್ಕೆಂದು ಏನನ್ನೂ ಮಾಡಲಿಲ್ಲ. ಹಬ್ಬದ ಹಿಂದಿನ ದಿನ ಆಚೆ ದಡದಿಂದ ಗಾಳಿಮರದ ಒಂದು ತುದಿಯನ್ನು ಕಡಿದು ದೋಣಿಯಲ್ಲಿ ತಂದ. ಸೀಮೆಎಣ್ಣೆ ಡಬ್ಬದಲ್ಲಿ ಮರಳು ತುಂಬಿ ಅದನ್ನು ನೆಟ್ಟ. ಹೆಂಡತಿ ಅಡಿಗೆಮನೆಯಲ್ಲಿ ಹಬ್ಬದ ತಿಂಡಿ ಕರಿಯುತ್ತಿದ್ದಳು. ಅವನು ಬಾಗಿಲ ಬಳಿ ಕುಳಿತು ಹರಿದ ಬಲೆ ಹೆಣೆಯತೊಡಗಿದ. ಹುಡುಗಿ ಅಪ್ಪನ ಕಾಲದ ಪೆಟ್ಟಿಗೆಯನ್ನು ತೆರೆದಳು. ಅದರಲ್ಲಿ ಗಾಜಿನ ಗುಂಡುಗಳು, ಬೇಗಡೆಯ ಗಂಟೆಗಳು, ಹತ್ತಿಯ ಮಂಜು ಇದ್ದವು.

ಮರ ತುಸು ಸೊಟ್ಟಗಿತ್ತು. ಡಬ್ಬವೂ ಚಿಕ್ಕದು. ಹುಡುಗಿ ಒಂದು ಗಾಜಿನ ಗುಂಡು ಕಟ್ಟಿದಳು. ಮರ ವಾಲಿತು. ಸರಿ ಮಾಡಿ ಇನ್ನೊಂದು ಕಟ್ಟಿದಳು. ಮರ ಪೂರ್ತಿ ಉರುಳಿತು. ಕೆಂಪು ಗುಂಡು ಒಡೆದು ನೆಲದ ತುಂಬ ಚೂರಾಯಿತು.

ಒಳಗಿನಿಂದ ತಾಯಿ ಕೂಗಿ ಹೇಳಿದಳು: "ಕಿಟಕಿಗೆ ಒಂದು ಹಗ್ಗ ಬಿಗಿದುಬಿಡಿ."

"ಬೇಡ," ಎಂದಳು ಹುಡುಗಿ. "ಅಪ್ಪ ಯಾವತ್ತೂ ಹಗ್ಗ ಕಟ್ಟುತ್ತಿರಲಿಲ್ಲ."

ಅಂಬಿಗ ಎದ್ದು ಬಂದ. ಗಾಜಿನ ಚೂರುಗಳನ್ನು ಗುಡಿಸಿ ತೆಗೆದ. ಮರವನ್ನು ಎತ್ತಿ ನಿಲ್ಲಿಸಿ, ಅದರ ಹಿಂದೆ ನೆಲದ ಮೇಲೆ ಕುಳಿತು, ಎರಡೂ ಕೈಗಳಿಂದ ಕಾಂಡವನ್ನು ಹಿಡಿದುಕೊಂಡ.

"ನೀನು ಕಟ್ಟು. ನಾನು ಹಿಡಿದಿರುತ್ತೇನೆ," ಎಂದ.

ಹುಡುಗಿ ಸ್ವಲ್ಪ ಹೊತ್ತು ನೋಡಿದಳು. ಮರ ಅಲುಗಲಿಲ್ಲ. ಅವಳು ಕಟ್ಟತೊಡಗಿದಳು.

ಹೊರಗೆ ಹೊತ್ತು ಇಳಿಯುತ್ತಿತ್ತು. ಮರದ ಹಿಂದೆ ಕುಳಿತವನಿಗೆ ಎಲೆಗಳ ಸಂದಿಯಿಂದ ಹುಡುಗಿಯ ಕೈ ಮಾತ್ರ ಕಾಣುತ್ತಿತ್ತು. ಅದು ಬರುತ್ತಿತ್ತು, ಏನನ್ನೋ ತೂಗುಬಿಟ್ಟು ಹೋಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಹುಡುಗಿ ಅವನನ್ನು ಮರೆತಳು. ಮರದೊಡನೆ ಮಾತಾಡತೊಡಗಿದಳು. ಅಪ್ಪ ಗಂಟೆ ಕಟ್ಟುವಾಗ ಸಿಳ್ಳೆ ಹಾಕುತ್ತಿದ್ದುದು, ಹತ್ತಿಯನ್ನು ಗಡ್ಡಕ್ಕೆ ಅಂಟಿಸಿಕೊಂಡು ಅಜ್ಜನಂತೆ ಕೆಮ್ಮುತ್ತಿದ್ದುದು, ನಕ್ಷತ್ರ ಕಟ್ಟಲು ತನ್ನನ್ನು ಹೆಗಲಿಗೇರಿಸುತ್ತಿದ್ದುದು, ಎಲ್ಲವನ್ನೂ ಹೇಳಿದಳು. ಆ ಮನುಷ್ಯನ ವಿಷಯವನ್ನು ಅಂಬಿಗ ಅಲ್ಲಿಯವರೆಗೆ ಯಾರಿಂದಲೂ ಕೇಳಿರಲಿಲ್ಲ. ತಾನೂ ಕೇಳಲು ಹೋಗಿರಲಿಲ್ಲ. ಈಗ ಕೇಳುತ್ತಾ ಕೇಳುತ್ತಾ, ಅವನು ಬದುಕಿದ್ದರೆ ತನ್ನ ದೋಣಿಯಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬರಬಹುದಿತ್ತು ಎಂದುಕೊಂಡ.

ಕೈಗಳಿಗೆ ಜೋಮು ಹಿಡಿಯಿತು. ಕಣ್ಣು ಎಳೆಯತೊಡಗಿತು. ಮನೆಯ ನೆಲ ಮೆಲ್ಲಗೆ ಏರಿ ಇಳಿಯುತ್ತಿದೆ ಎಂದು ಅವನಿಗೆ ಅನಿಸಿತು. ಗಾಜಿನ ಗುಂಡುಗಳಲ್ಲಿ ದೀಪದ ಬೆಳಕು ಬಿದ್ದು, ಆಚೆ ದಡದ ಊರಿನ ದೀಪಗಳಂತೆ ಕಂಡಿತು. ಯಾರೋ ಸಿಳ್ಳೆ ಹಾಕಿದಂತಾಯಿತು. ಎಲ್ಲಿಗೆ ಹೋಗುತ್ತಿದ್ದೇವೆಂದು ತಿಳಿಯಲಿಲ್ಲ. ತಿಳಿಯಬೇಕೆಂದೂ ಅನಿಸಲಿಲ್ಲ. ಕಾಂಡ ಮಾತ್ರ ಕೈಯಲ್ಲಿತ್ತು.

"ನಕ್ಷತ್ರ ಎಟುಕುವುದಿಲ್ಲ," ಎಂದಳು ಹುಡುಗಿ.

ಕೈ ಬಿಟ್ಟರೆ ಮರ ಬೀಳುತ್ತದೆ. ಅಂಬಿಗ ಕುಳಿತಲ್ಲೇ ತಲೆ ಬಗ್ಗಿಸಿದ. "ಹೆಗಲ ಮೇಲೆ ಕಾಲಿಡು," ಎಂದ.

ಅವಳು ಬಹಳ ಹೊತ್ತು ನಿಂತೇ ಇದ್ದಳು. ಆಮೇಲೆ ಗೋಡೆ ಹಿಡಿದು ಮೊದಲು ಒಂದು ಕಾಲು ಇಟ್ಟಳು, ಮತ್ತೆ ಇನ್ನೊಂದು. ನಕ್ಷತ್ರ ಕಟ್ಟಿ ಇಳಿದಳು.

ಪೆಟ್ಟಿಗೆಯಲ್ಲಿ ಬೇಗಡೆಯ ಒಂದು ಗಂಟೆ ಉಳಿದಿತ್ತು. ಕೊಂಬೆಗಳಲ್ಲಿ ಎಲ್ಲಿಯೂ ಜಾಗವಿರಲಿಲ್ಲ. ನಿದ್ದೆಗಣ್ಣಿನ ಹುಡುಗಿ ಮರದ ಸುತ್ತ ಬಂದು ಹುಡುಕಿದಳು. ಎಲೆಗಳ ನಡುವೆ ಅಂಬಿಗನ ಕಿವಿ ಕಂಡಿತು. ಗಂಟೆಯ ದಾರವನ್ನು ಅದಕ್ಕೆ ಸಿಕ್ಕಿಸಿದಳು. ಅವಳು ನಗಲಿಲ್ಲ. ಉಳಿದ ಗಂಟೆಗಳಿಗೆ ಮಾಡಿದಂತೆಯೇ ಒಂದು ಹೆಜ್ಜೆ ಹಿಂದೆ ಸರಿದು, ನೆಟ್ಟಗಿದೆಯೇ ಎಂದು ನೋಡಿದಳು. ಆಮೇಲೆ ಅಲ್ಲೇ ಕುಳಿತು, ಅವನ ಮೊಣಕಾಲಿಗೆ ತಲೆಯಾನಿಸಿ ನಿದ್ದೆಹೋದಳು.

ತಾಯಿ ಕೈ ಒರೆಸಿಕೊಳ್ಳುತ್ತಾ ಬಂದಳು. ನೋಡಿ, ಬಾಗಿಲಲ್ಲೇ ನಿಂತಳು.

"ಇನ್ನು ಬಿಡಿ. ಗೋಡೆಗೆ ಒರಗಿಸೋಣ," ಎಂದಳು ಮೆಲ್ಲಗೆ.

"ಅಲುಗಾಡಿದರೆ ಏಳುತ್ತಾಳೆ," ಎಂದ ಅಂಬಿಗ. "ಇರಲಿ ಬಿಡು."

ಅವಳು ದೀಪ ಸಣ್ಣದು ಮಾಡಿ, ತಾನೂ ಬಂದು ಪಕ್ಕದಲ್ಲಿ ಕುಳಿತಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಕತೆ ಮುಂದುವರಿಯಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಬೆಳಿಗ್ಗೆ ಎದ್ದ ಮೇಲೆ ಆ ಹುಡುಗಿ ಅವನನ್ನು ಅಪ್ಪ ಎಂದು ಕರೆದಳೇ, ಗುರುಗಳೇ?"

ಗುರುಗಳು ಅವನ ಮುಖ ನೋಡಿದರು.

"ಆ ಪ್ರಶ್ನೆ ಅಂಬಿಗನಿಗೆ ಮರೆತೇ ಹೋಗಿತ್ತು; ನಿನಗಿನ್ನೂ ನೆನಪಿದೆ."