ಸವೆಯದ ಹಲ್ಲು

ಈ ಹೊಳೆಗೆ ಮೂರು ಊರಿನವರು ಮೂರು ಹೆಸರು ಹೇಳುತ್ತಾರೆ. ನಾನೂ ಕಥೆ ಹೇಳಿದಾಗಲೆಲ್ಲ ಒಂದೊಂದು ಹೆಸರು ಹೇಳಿದ್ದೇನೆ. ನೀವು ನಿಮಗೆ ಹತ್ತಿರದ ಹೊಳೆಯನ್ನೇ ಇಟ್ಟುಕೊಳ್ಳಿ. ಮುಳುಗಿಸುವುದರಲ್ಲಿ ಎಲ್ಲ ಹೊಳೆಯೂ ಒಂದೇ.

ಅದರ ದಡದಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳು ಹಲ್ಲಿನ ವೈದ್ಯರು. ಜನ ಅವರನ್ನು ಇಕ್ಕಳದಜ್ಜ ಎನ್ನುತ್ತಿದ್ದರು. ಅಳುವ ಮಕ್ಕಳ ಬಾಯಿ ಮುಚ್ಚಿಸಲು ಸುತ್ತಲಿನ ತಾಯಂದಿರಿಗೆ ಆ ಹೆಸರೊಂದೇ ಸಾಕಿತ್ತು.

ಅವರ ಹಿರಿಯ ಶಿಷ್ಯ ವಿರೂಪಣ್ಣ. ಮೀಸೆ ಚಿಗುರುವ ವಯಸ್ಸಿಗೆ ಬಂದವನು. ಈಗ ಆ ಮೀಸೆಯಲ್ಲಿ ಬಿಳಿ ಕೂದಲು.

ಆಶ್ರಮದಲ್ಲಿ ಕಲಿಸುವ ಕ್ರಮ ಹೀಗೆ. ಶಿಷ್ಯ ಬಳಪದ ಕಲ್ಲಿನಲ್ಲಿ ಹಲ್ಲು ಕೆತ್ತಬೇಕು. ಗುರುಗಳು ಕಣ್ಣು ಮುಚ್ಚಿ, ಹೆಬ್ಬೆರಳಾಡಿಸಿ, ಅದು ಯಾವ ಹಲ್ಲು, ಬಾಯಿಯ ಯಾವ ಕಡೆಯದು ಎಂದು ಹೇಳಬೇಕು. ಅವರು ತಡವರಿಸಿದರೆ ಆ ಕಲ್ಲು ಹೊಳೆಗೆ. ಶಿಷ್ಯ ಇನ್ನೊಂದು ಕಲ್ಲು ಹುಡುಕಿಕೊಳ್ಳಬೇಕು.

ವಿರೂಪಣ್ಣ ಕೆತ್ತಿದ ಹಲ್ಲಿಗೆ ಅವರು ತಡವರಿಸುತ್ತಿರಲಿಲ್ಲ. ದವಡೆ ಹಲ್ಲಿನ ಶಿಖರಗಳು, ಶಿಖರದಿಂದ ಇಳಿಯುವ ಏಣು, ನಡುವಿನ ಕಣಿವೆ, ಕಣಿವೆಗಳು ಕೂಡುವಲ್ಲಿ ಸಾಸಿವೆ ಕೂರುವಷ್ಟು ಕುಳಿ, ಬೇರು ಶುರುವಾಗುವ ಕೊರಳಿನ ಹತ್ತಿರದ ಉಬ್ಬು, ಎಲ್ಲವೂ ಇರಬೇಕಾದಲ್ಲೇ ಇರುತ್ತಿದ್ದವು.

"ಗುರುಗಳೇ, ನಾನು ಇನ್ನೇನು ಕಲಿಯುವುದಿದೆ?" ಎಂದು ಒಮ್ಮೆ ಕೇಳಿದ.

ಗುರುಗಳು ಅವನು ಕೆತ್ತಿದ ಹಲ್ಲನ್ನು ಎತ್ತಿ ಹಿಡಿದರು. "ಇದು ಯಾರ ಹಲ್ಲು?"

"ಕೆಳದವಡೆ, ಎಡಗಡೆ, ಕಡೆಯದು."

"ಯಾವ ಹಲ್ಲು ಅಂತ ಕೇಳಲಿಲ್ಲ."

ವಿರೂಪಣ್ಣ ನಕ್ಕ. "ಕಲ್ಲಿನ ಹಲ್ಲಿಗೆ ಯಜಮಾನ ಎಲ್ಲಿಂದ ಬರಬೇಕು?"

ಗುರುಗಳು ನಗಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ ಗುರುಗಳು ಪಕ್ಕದ ಊರಿಗೆ ಹೋಗಿದ್ದರು. ಆಚೆ ದಡದಿಂದ ಒಬ್ಬ ಹೆಂಗಸು ಬಂದಳು. ಹೆಸರು ಹುಲಿಗೆವ್ವ. ಸೆರಗಿನ ಗಂಟು ಬಿಚ್ಚಿ ಒಂದು ಎಲುಬನ್ನು ವಿರೂಪಣ್ಣನ ಮುಂದಿಟ್ಟಳು. ಮನುಷ್ಯರ ಕೆಳದವಡೆ, ಅದೂ ಎಡಗಡೆಯ ಅರ್ಧ.

"ಹೊಳಿ ಬತ್ತಿದ ಮ್ಯಾಲ ಉಸುಕಿನಾಗ ಸಿಕ್ತರಿ," ಎಂದಳು. "ನಮ್ಮನಿಯವರು ಮಳಿಗಾಲದಾಗ ಹರಿಗೋಲು ತಗೊಂಡು ಹೋದವರು ಬರಲಿಲ್ಲ. ಹರಿಗೋಲು ಸಿಕ್ತು, ಅವರು ಸಿಗಲಿಲ್ಲ. ಇದು ಅವರದೇನ್ರಿ?"

ದವಡೆಯ ಗುಳಿಗಳಲ್ಲಿ ಮರಳು ತುಂಬಿತ್ತು. ಹಲ್ಲು ಉಳಿದಿದ್ದು ಒಂದೇ, ಕಟ್ಟಕಡೆಯದು.

"ಅವರದಂದ್ರ ಮಣ್ಣು ಮಾಡತೀನಿ. ಅಲ್ಲಂದ್ರ ಕಾಯತೀನಿ. ಅವರು ಬಂದು ಉಣ್ಣೋತನಕ ದಿನಕ್ಕ ಅರ್ಧ ರೊಟ್ಟಿ ಮ್ಯಾಲ ತಿನ್ನೂದಿಲ್ಲಂತ ಹೊಳಿಗೆ ಮಾತು ಕೊಟ್ಟೀನ್ರಿ."

ಅವಳು ಗಂಡನ ಹೆಸರು ಹೇಳಲಿಲ್ಲ. ಹೇಳುವ ರೂಢಿ ಇರಲಿಲ್ಲ. ವಿರೂಪಣ್ಣ ಕೇಳಲೂ ಇಲ್ಲ. ಅವನು ಹಲ್ಲು ನೋಡುತ್ತಿದ್ದ.

"ನಿಮ್ಮ ಯಜಮಾನರ ವಯಸ್ಸೆಷ್ಟವ್ವ?"

"ನಲವತ್ತು ದಾಟಿತ್ರಿ."

"ಊಟ?"

"ಜ್ವಾಳದ ರೊಟ್ಟಿ. ಬೀಸುಕಲ್ಲಿನ ಹಿಟ್ಟು."

ವಿರೂಪಣ್ಣ ತಲೆಯಾಡಿಸಿದ. "ಬೀಸುಕಲ್ಲಿನ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆ. ಅಷ್ಟು ವರ್ಷ ತಿಂದವರ ಹಲ್ಲು ಸವೆದು ಹಲಗೆಯಾಗಿರಬೇಕು. ಇದರ ನಾಲ್ಕು ಶಿಖರವೂ ಚೂಪಾಗಿವೆ. ಯಾರೋ ಇಪ್ಪತ್ತರ ಹುಡುಗನದು. ನಿಮ್ಮವರದಲ್ಲ."

ಹುಲಿಗೆವ್ವ ಅವನ ಕಾಲಿಗೆ ಬಿದ್ದಳು. ಎಲುಬನ್ನು ಅಲ್ಲೇ ಬಿಟ್ಟು, ಬಂದ ದಾರಿಯಲ್ಲಿ ಓಡುವವಳ ಹಾಗೆ ಹೋದಳು.

ಸಂಜೆ ಗುರುಗಳು ಬಂದರು.

"ಹುಲಿಗೆವ್ವ ದಾರಿಯಲ್ಲಿ ಎದುರಾದಳು. ನಗುತ್ತಿದ್ದಳು. ಏನು ಹೇಳಿ ಕಳಿಸಿದೆ?"

ವಿರೂಪಣ್ಣ ಎಲ್ಲವನ್ನೂ ಹೇಳಿದ. ಹೊಗಳಿಕೆಗೆ ಕಾದ. ಗುರುಗಳು ದವಡೆಯನ್ನು ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿದರು. ಹೆಬ್ಬೆರಳು ಶಿಖರ ಹತ್ತಿತು, ಕಣಿವೆಗಿಳಿಯಿತು, ಕೊರಳು ದಾಟಿ ಕೆಳಗೆ ಹೋಗಿ ನಿಂತಿತು.

"ಶಿಖರ ಚೂಪಾಗಿವೆ."

"ಹೌದು ಗುರುಗಳೇ. ಎಳೆಯ ಹಲ್ಲು."

"ಕೊರಳು ಎಲುಬಿಗಿಂತ ಎಷ್ಟು ಮೇಲಿದೆ, ನೋಡು."

ವಿರೂಪಣ್ಣ ನೋಡಿದ. ಹಲ್ಲು ದವಡೆಯಿಂದ ಎದ್ದು ನಿಂತಿತ್ತು. ಬೇರಿನ ಹಳದಿ ಕಾಣುತ್ತಿತ್ತು.

"ಯಾಕೆ ಹಾಗೆ?" ಎಂದರು ಗುರುಗಳು.

"ಮೇಲಿನ ಜೋಡಿ ಹಲ್ಲು ಹೋದರೆ ಕೆಳಗಿನದು ಅದನ್ನು ಹುಡುಕಿಕೊಂಡು ಮೇಲೇಳುತ್ತದೆ," ಎಂದು ವಿರೂಪಣ್ಣ ಪಾಠ ಒಪ್ಪಿಸುವ ಹುಡುಗನ ಹಾಗೆ ಶುರುಮಾಡಿದ. ಆಮೇಲೆ ದನಿ ಇಳಿಯಿತು. "ಜೋಡಿ ಇಲ್ಲದ ಹಲ್ಲು ಸವೆಯುವುದೂ ಇಲ್ಲ."

"ಅವಳ ಗಂಡ ಅಂಬಿಗರ ದುರುಗಪ್ಪ. ಮದುವೆಯಾದ ವರ್ಷ ಇಲ್ಲಿಗೆ ಬಂದಿದ್ದ. ಆಗಷ್ಟೇ ಮೂಡಿದ್ದ ಹಲ್ಲು, ಮೇಲ್ದವಡೆ, ಎಡಗಡೆ, ಕಡೆಯದು. ಕಿತ್ತವರು ಯಾರು?"

"ಅದು ನಾನು ಕಿತ್ತ ಮೊದಲ ಹಲ್ಲು. ಮೂರು ಬೇರು. ಒಂದು ಕೊಕ್ಕೆಯ ಹಾಗೆ ಬಾಗಿತ್ತು."

"ಅವನ ಮುಖ?"

"ನಾನು ಬಾಯಿ ನೋಡುತ್ತಿದ್ದೆ, ಗುರುಗಳೇ."

ಗುರುಗಳು ದವಡೆಯನ್ನು ಅವನ ಅಂಗೈಯಲ್ಲಿಟ್ಟರು.

"ಬೇರೆ ಯಾರದಾದರೂ ಆಗಿರಬಹುದಲ್ಲ?" ಎಂದ ವಿರೂಪಣ್ಣ.

"ಈ ಸಲ ಹೊಳೆ ತೆಗೆದುಕೊಂಡದ್ದು ಅವನೊಬ್ಬನನ್ನೇ."

"ಅವಳು ನಗುತ್ತ ಹೋದಳು ಅಂದಿರಿ. ನಗುತ್ತಲೇ ಇರಲಿ ಬಿಡಿ."

"ಅವಳ ಬಳೆ ನೋಡಿದೆಯಾ?"

"ಇಲ್ಲ."

"ಕೈ ಎತ್ತಿದರೆ ಜಾರಿ ಮೊಣಕೈ ದಾಟುತ್ತವೆ. ಆ ಅರ್ಧ ರೊಟ್ಟಿಯಲ್ಲಿ ಅವಳು ಮುಂದಿನ ಮಳೆಗಾಲ ಕಾಣುವುದಿಲ್ಲ. ಬೆಳಗಾದ ಮೇಲೆ ಹೋಗು. ಹೇಳಿದ ಬಾಯೇ ಹೇಳಬೇಕು."

ಬೆಳಿಗ್ಗೆ ವಿರೂಪಣ್ಣ ಹೊಳೆ ದಾಟಿದ. ಮಧ್ಯಾಹ್ನ ತಿರುಗಿ ಬಂದ. ದವಡೆ ಅವನ ಕೈಯಲ್ಲೇ ಇತ್ತು.

"ಹೇಳಲಿಲ್ಲವೇ?"

"ಎಲ್ಲ ಹೇಳಿದೆ. ಜೋಡಿ ಹಲ್ಲು ಕಿತ್ತವನು ನಾನೇ ಅಂದೆ. ತಪ್ಪಿದ್ದೂ ನಾನೇ ಅಂದೆ. 'ನಿನ್ನೆ ಬದುಕಿಸಿದಿ, ಇವತ್ತು ಕೊಂದಿ, ನಾಳಿ ಬಂದು ಏನಂತೀಯೋ' ಅಂತ ಬಾಯಿಗೆ ಬಂದ ಹಾಗೆ ಬೈದಳು. ಬೈದು ಸುಸ್ತಾಗಿ, ಎಲುಬನ್ನು ಮಡಿಲಿಗೆ ತೆಗೆದುಕೊಂಡಳು. ಬಳೆಗೆ ಕೈ ಹಾಕಿದಳು."

"ಆಮೇಲೆ?"

"ಒಂದು ಮಾತು ಕೇಳಿದಳು. 'ಹಲ್ಲು ಕಿತ್ತ ದಿನ ಅವರು ಕೂಗಿಕೊಂಡರೇನ್ರಿ?' ಅಂದಳು."

"ನೀನೇನಂದೆ?"

"'ಇಲ್ಲವ್ವ, ಗಟ್ಟಿ ಮನುಷ್ಯ, ಪಿಟ್ಟೆನ್ನಲಿಲ್ಲ' ಅಂದೆ."

"ನಿಜವೇ?"

ವಿರೂಪಣ್ಣ ನೆಲ ನೋಡಿದ. "ಆಚೆ ದಡದ ಕೊಕ್ಕರೆಗಳು ಹಾರಿಹೋಗುವ ಹಾಗೆ ಅರಚಿದ್ದ. ಆದರೆ ಅವಳಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಈ ಸಲ ಮುಖ ನೋಡಿದೆ, ಗುರುಗಳೇ."

"ಅದಕ್ಕೆ ಅವಳು?" ಎಂದರು ಗುರುಗಳು.

"ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಬಳೆಯಿಂದ ಕೈ ತೆಗೆದಳು. 'ಹಂಗಾದ್ರ ನೀವು ಕಿತ್ತಿದ್ದು ಬ್ಯಾರೆ ಯಾರ ಹಲ್ಲೋ. ಇದೂ ಬ್ಯಾರೆ ಯಾರದೋ' ಅಂತ ಎಲುಬನ್ನು ನನ್ನ ಕೈಗೆ ಕೊಟ್ಟಳು. ಒಳಗೆ ಹೋಗಿ ರೊಟ್ಟಿಯನ್ನು ಎರಡಾಗಿ ಮುರಿದು, ಅರ್ಧ ಎತ್ತಿಟ್ಟಳು. ಕದ ಹಾಕಿಕೊಂಡಳು. ಎಷ್ಟು ಕರೆದರೂ ತೆಗೆಯಲಿಲ್ಲ. ನಂಬಿದ್ದವಳು ಯಾಕೆ ತಿರುಗಿಬಿದ್ದಳು, ನನಗೆ ತಿಳಿಯಲಿಲ್ಲ."

ಗುರುಗಳು ದವಡೆಯನ್ನು ತೆಗೆದುಕೊಂಡು ಹೊಳೆಯ ದಡಕ್ಕಿಳಿದರು. ಮೊಣಕಾಲೂರಿ ಕೈಯಿಂದಲೇ ಮರಳು ತೋಡಿದರು. ದವಡೆಯನ್ನು ಗುಂಡಿಯೊಳಗಿಟ್ಟು ಮುಚ್ಚಿದರು. ಅಷ್ಟು ಹೊತ್ತೂ ಹಿಂದೆ ನಿಂತಿದ್ದ ಶಿಷ್ಯನ ಕಡೆ ತಿರುಗಲಿಲ್ಲ.

"ಅವತ್ತು ನೀನು ಹಲ್ಲು ಕೀಳುವಾಗ ದುರುಗಪ್ಪನ ತಲೆಯನ್ನು ತೊಡೆಯ ಮೇಲೆ ಅದುಮಿ ಹಿಡಿದು ಕೂತಿದ್ದವಳು ಅವಳೇ, ವಿರೂಪಣ್ಣ."