ಮೂರನೆಯ ಕೊಂಬೆಗೆ ನಡೆದುಹೋದ ನವಿಲು

ಮಕ್ಕಳೇ, ನವಿಲು ಎಂದ ಕೂಡಲೇ ನಿಮಗೆ ಉದ್ದನೆಯ ಗರಿ ನೆನಪಾಗುತ್ತದೆ, ಕುಣಿತ ನೆನಪಾಗುತ್ತದೆ. ಈ ಕತೆಯ ನವಿಲಿಗೆ ಅವೆರಡೂ ಇರಲಿಲ್ಲ. ಅದು ಹೆಣ್ಣು ನವಿಲು. ಹೆಸರು ನೀಲವ್ವ. ಕಂದು ಮೈ, ಹಸಿರು ಕತ್ತು, ಹಿಂದೆ ಮುಂದೆ ಓಡಾಡುವ ಮೂರು ಮರಿಗಳು. ಇಷ್ಟೇ ಅವಳ ಆಸ್ತಿ.

ಕಲ್ಲುಗುಡ್ಡದ ಕೆಳಗಿನ ಕುರುಚಲು ಕಾಡಿನಲ್ಲಿ ಒಂದು ಕೆರೆ. ಕೆರೆಯ ಪಕ್ಕದಲ್ಲಿ ಒಂದು ಹಳೆಯ ಹುಣಸೆ ಮರ. ಸಂಜೆಯಾದರೆ ಕಾಡಿನ ನವಿಲುಗಳೆಲ್ಲ ಆ ಮರಕ್ಕೆ ಹಾರಿ ಮಲಗುತ್ತಿದ್ದವು. ಮರದ ಮೊದಲನೆಯ ಕೊಂಬೆ ಒಂದು ಬಂಡೆಯ ಮೇಲೆ ಬಾಗಿಕೊಂಡಿತ್ತು. ಎರಡನೆಯದು ಅದಕ್ಕಿಂತ ಎತ್ತರ. ಮೂರನೆಯದು ಇನ್ನೂ ಎತ್ತರ. ಅಲ್ಲಿಗೆ ನರಿಯ ಕಣ್ಣು ಮುಟ್ಟುತ್ತಿತ್ತು, ಬಾಯಿ ಮುಟ್ಟುತ್ತಿರಲಿಲ್ಲ. ಅದಕ್ಕೇ ಮರಿಗಳಿರುವ ತಾಯಂದಿರಿಗೆಲ್ಲ ಮೂರನೆಯ ಕೊಂಬೆ.

ನೀಲವ್ವ ಮೊದಲಿನಿಂದ ದಪ್ಪಗಿದ್ದವಳಲ್ಲ. ಕಾಡಿನ ಅಂಚಿನಲ್ಲಿ ಒಂದು ಕಡಲೆಕಾಯಿ ಹೊಲವಿತ್ತು. ಗಿಡ ಕಿತ್ತಾದ ಮೇಲೂ ಮಣ್ಣಿನಲ್ಲಿ ಬೇಕಾದಷ್ಟು ಕಾಯಿ ಉಳಿದಿತ್ತು. ಮರಿಗಳು ಒಂದು ಕಾಯಿ ಕೆದಕಿ, ಅರ್ಧ ಕುಕ್ಕಿ, ಮುಂದಿನದಕ್ಕೆ ಓಡುತ್ತಿದ್ದವು.

"ಅಯ್ಯೋ, ಹಾಗೆಲ್ಲ ಚೆಲ್ಲಬಾರದು ಕಣ್ರೋ!" ಎಂದು ನೀಲವ್ವ ಉಳಿದರ್ಧವನ್ನು ತಾನು ತಿನ್ನುತ್ತಿದ್ದಳು. ಮೂರು ಮರಿಗಳ ಎಂಜಲು, ಅದರ ಮೇಲೆ ತನ್ನ ಪಾಲು. ಅವಳನ್ನು ಯಾರೂ ಹೊಟ್ಟೆಬಾಕಿ ಅನ್ನುವ ಹಾಗಿರಲಿಲ್ಲ. ನೀವು ತಟ್ಟೆಯಲ್ಲಿ ಬಿಟ್ಟ ದೋಸೆಯ ಅಂಚು ಯಾರ ಬಾಯಿಗೆ ಹೋಗುತ್ತದೆ ಅಂತ ನೀವೂ ನೋಡಿದ್ದೀರಲ್ಲ?

ಒಂದು ಸಂಜೆ ನೀಲವ್ವ ರೆಕ್ಕೆ ಬಡಿದು ಹಾರಿದಳು. ಮೂರನೆಯ ಕೊಂಬೆ ಸಿಗಲಿಲ್ಲ. ಎರಡನೆಯದೂ ಸಿಗಲಿಲ್ಲ. ಬಂಡೆ ಹತ್ತಿ, ಅಲ್ಲಿಂದ ಜಿಗಿದು, ಹೇಗೋ ಮೊದಲನೆಯ ಕೊಂಬೆ ಹಿಡಿದಳು. ಉಸಿರು ಬುಸಬುಸ ಎನ್ನುತ್ತಿತ್ತು.

"ಅವ್ವಾ, ಮೇಲೆ ಬಾ!" ಎಂದವು ಮರಿಗಳು.

"ನಾನು ಇವತ್ತು ಇಲ್ಲೇ ಮಲಗ್ತೀನಿ. ಇಲ್ಲಿ ಗಾಳಿ ಚೆನ್ನಾಗಿದೆ."

"ಚಳಿ ಆಗ್ತಿದೆ ಅವ್ವಾ," ಎಂದಿತು ಕೊನೆಯ ಮರಿ. ಅದು ಅಮ್ಮನ ರೆಕ್ಕೆಯ ಕೆಳಗಲ್ಲದೆ ಬೇರೆಲ್ಲೂ ಮಲಗಿದ್ದೇ ಇಲ್ಲ. "ನಾನೇ ಕೆಳಗೆ ಬರ್ಲಾ?"

"ಬೇಡ!" ನೀಲವ್ವ ಎಷ್ಟು ಜೋರಾಗಿ ಕೂಗಿದಳೆಂದರೆ ಮರವೇ ಸುಮ್ಮನಾಯಿತು. ಕೆಳಗೆ ಬಂಡೆಯ ಪಕ್ಕದಲ್ಲಿ ಕೆಂಚ ಎಂಬ ನರಿ ಕೂತು, ಕೊಂಬೆ ಎಷ್ಟು ಎತ್ತರವಿದೆ ಎಂದು ಕಣ್ಣಲ್ಲೇ ಅಳೆಯುತ್ತಿತ್ತು.

ಮರುದಿನವೇ ನೀಲವ್ವ ಕಾಜಾಣ ಮಾಸ್ಟರ್ ಹತ್ತಿರ ಹೋದಳು. ಕಾಜಾಣ ಎಂದರೆ ಕವಲು ಬಾಲದ ಕಪ್ಪು ಹಕ್ಕಿ. ಗಾಳಿಯಲ್ಲೇ ಪಲ್ಟಿ ಹೊಡೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬೆಳಿಗ್ಗೆ ಬೆಳಿಗ್ಗೆ ಕೆರೆ ಏರಿಯ ಮೇಲೆ ಅವನ ವ್ಯಾಯಾಮದ ಕ್ಲಾಸು.

"ಮೇಲಕ್ಕೆ! ಪಲ್ಟಿ! ಕೆಳಕ್ಕೆ ಧುಮುಕು! ಇನ್ನೊಂದ್ಸಲ!"

ಗುಬ್ಬಿಗಳು ಪಲ್ಟಿ ಹೊಡೆದವು. ನೀಲವ್ವ ಮೇಲಕ್ಕೆ ಒಂದು ಮೊಳ ಹೋಗಿ, ಕೆಳಕ್ಕೆ ಮಾತ್ರ ಪೂರ್ತಿ ಬಂದಳು. ಧೂಳೆದ್ದಿತು. ಅವಳು ಮೆಲ್ಲಗೆ ಕೇಳಿದಳು, "ಮಾಸ್ಟರೇ, ನಾನು ಸುಮ್ನೆ ನಡೆದರೆ ಆಗಲ್ವಾ?"

"ನಡಿಗೆನಾ?" ಕಾಜಾಣ ಎಲ್ಲರಿಗೂ ಕೇಳುವ ಹಾಗೆ ನಕ್ಕ. "ನಡಿಗೆಯೂ ಒಂದು ವ್ಯಾಯಾಮವೇ? ಹಾಗಾದ್ರೆ ದಿನವಿಡೀ ಮೇಯೋ ಎಮ್ಮೆ ಇಷ್ಟೊತ್ತಿಗೆ ಕಡ್ಡಿ ಆಗ್ಬೇಕಿತ್ತು!"

ಗುಬ್ಬಿಗಳೆಲ್ಲ ಕಿಸಕ್ಕೆಂದವು. ನೀಲವ್ವ ತಲೆತಗ್ಗಿಸಿದಳು. ಎರಡು ದಿನ ಕಷ್ಟಪಟ್ಟು ಧುಮುಕಿದಳು. ಮೂರನೆಯ ದಿನ ರೆಕ್ಕೆ ಎತ್ತಲಾಗಲಿಲ್ಲ. ಇಷ್ಟು ಕಷ್ಟಪಟ್ಟವಳಿಗೆ ಅಷ್ಟಾದರೂ ಬೇಡವೇ ಎಂದು ಹೊಲಕ್ಕೆ ಹೋಗಿ ಎಂದಿಗಿಂತ ಜಾಸ್ತಿಯೇ ತಿಂದಳು.

ಆಮೇಲೆ ಯಾರೂ ಏಳುವ ಮೊದಲೇ ಎದ್ದು, ಯಾರಿಗೂ ಕಾಣದ ಹಾಗೆ, ಕೆರೆಯ ನೀರಿನಂಚಿನಲ್ಲಿ ನಡೆಯತೊಡಗಿದಳು. ಕಂಡದ್ದು ಒಬ್ಬನಿಗೇ. ಕೆಂಚನಿಗೆ.

"ಏನು ತಂಗೀ, ವಾಕಿಂಗಾ?" ಅವನು ದೂರದಲ್ಲೇ ನಿಂತು ಬಾಲ ಆಡಿಸಿದ.

ನೀಲವ್ವ ರೆಕ್ಕೆ ಬಿಚ್ಚಿ ನಿಂತಳು. "ಹತ್ರ ಬರ್ಬೇಡ!"

"ಛೆ ಛೆ, ಹತ್ತು ಮಾರು ದೂರದಲ್ಲೇ ಇರ್ತೀನಮ್ಮ. ವಯಸ್ಸಾಯ್ತು ನನಗೂ. ಹಲ್ಲು ನೋವು. ಈಗೆಲ್ಲ ಹಣ್ಣು, ಕಾಯಿ ಅಷ್ಟೇ. ಒಬ್ಬಳೇ ನಡೆದರೆ ಬೇಜಾರು ಅಂತ ಕೇಳಿದೆ."

ಎರಡು ದಿನ ನೀಲವ್ವ ಮಾತಾಡಲಿಲ್ಲ. ಆದರೆ ಅವನು ಹೇಳುವ ಸುದ್ದಿಗಳು ಬಲು ರುಚಿಯಾಗಿದ್ದವು. ಗೂಬೆಯ ಮನೆಯ ಜಗಳ, ಮೊಲದ ಮಗಳ ಮದುವೆ. ಮೂರನೆಯ ದಿನ ಅವಳೇ, "ಆಮೇಲೇನಾಯ್ತು ಕೆಂಚಣ್ಣ?" ಎಂದಳು. ನಾಲ್ಕು ಹೆಜ್ಜೆ ನಡೆದು ನಿಲ್ಲುವುದು. ಮಾತು ಮುಗಿದ ಮೇಲೆ ಮತ್ತೆ ನಾಲ್ಕು ಹೆಜ್ಜೆ. ನಡಿಗೆ ದಿನವೂ ಮುಗಿಯುತ್ತಿದ್ದುದು ಕಡಲೆಕಾಯಿ ಹೊಲದಲ್ಲಿ.

"ಇಷ್ಟು ನಡೆದಿದ್ದೀಯ, ನಾಲ್ಕು ಕಾಯಿ ತಿಂದರೆ ಏನಾಗುತ್ತೆ?" ಎನ್ನುತ್ತಿದ್ದ ಕೆಂಚ. "ನಿನಗೆ ಸಂಕೋಚ ಆಗಬಾರದು ನೋಡು, ನಾನೂ ತಿಂತೀನಿ." ಹೇಳಿದ ಮೇಲೆ ತಿನ್ನಬೇಕಲ್ಲ. ಅವನೂ ಕಟಕಟ ಜಗಿದು ತಿನ್ನುತ್ತಿದ್ದ.

ಹದಿನೈದು ದಿನವಾಯಿತು. ಆ ಸಂಜೆ ನೀಲವ್ವ ಬಂಡೆಯಿಂದ ಜಿಗಿದಳು. ಮೊದಲನೆಯ ಕೊಂಬೆಯೂ ತಪ್ಪಿತು. ಎರಡನೆಯ ಸಲ ಜಿಗಿದಾಗ ಕಾಲಿಗೆ ಸಿಕ್ಕಿತು. ಮೇಲಿನಿಂದ ಮೂರು ಪುಟ್ಟ ತಲೆಗಳು ಬಗ್ಗಿ ನೋಡುತ್ತಿದ್ದವು.

ಬೆಳಿಗ್ಗೆ ಅವಳು ಕೆರೆಯಂಚಿನಲ್ಲಿ ಕೂತು ಅತ್ತಳು. "ಕಾಜಾಣ ಹೇಳಿದ್ದೇ ನಿಜ. ನಡಿಗೆ ಗಿಡಿಗೆ ಎಲ್ಲ ಸುಳ್ಳು."

"ಯಾರದು ನಡಿಗೇನ ಬೈತಿರೋದು?"

ಕಲ್ಲುಗಳ ನಡುವಿನಿಂದ ಟಿಟ್ಟಜ್ಜಿ ಎದ್ದು ಬಂದಳು. ಟಿಟ್ಟಜ್ಜಿ ಒಂದು ಟಿಟ್ಟಿಭ ಹಕ್ಕಿ. ಕಡ್ಡಿಯಂಥ ಹಳದಿ ಕಾಲು, ಕಾಡಿಗೆಲ್ಲ ಕೇಳುವ ಗಂಟಲು. ಗೂಡು ಕಟ್ಟುವುದೂ ನೆಲದಲ್ಲೇ, ದಿನವಿಡೀ ಓಡಾಡುವುದೂ ನೆಲದಲ್ಲೇ.

"ನಾನು ಹದಿನೈದು ದಿನ ನಡೆದೆ ಅಜ್ಜಿ. ಒಂದು ಗುಲಗಂಜಿ ತೂಕ ಇಳೀಲಿಲ್ಲ."

"ನಡೆದೆಯಾ? ಬಾ, ನೋಡೇಬಿಡೋಣ."

ಮಳೆ ನಿಂತು ತಿಂಗಳಾಗಿತ್ತು. ಕೆರೆಯ ನೀರು ದಿನಕ್ಕಿಷ್ಟು ಹಿಂದೆ ಸರಿಯುತ್ತಿತ್ತು. ನೀರು ಬಿಟ್ಟುಕೊಟ್ಟ ಕೆಸರಿನ ಪಟ್ಟಿಯ ಮೇಲೆ ಆ ದಿನದ ಹೆಜ್ಜೆ ಬೀಳುತ್ತಿತ್ತು, ಒಣಗಿ ಹಾಗೇ ಉಳಿಯುತ್ತಿತ್ತು. ಮರುದಿನಕ್ಕೆ ಹೊಸ ಪಟ್ಟಿ. ಹದಿನೈದು ದಿನದ ಹೆಜ್ಜೆಗಳೂ ಒಂದರ ಪಕ್ಕ ಒಂದು ಸಾಲಾಗಿ ನಿಂತಿದ್ದವು.

"ಇದು ಮೊದಲನೇ ದಿನದ್ದು. ನಿನ್ನ ಹೆಜ್ಜೆ ಹಗ್ಗ ಎಳೆದ ಹಾಗೆ ನೆಟ್ಟಗಿದೆ," ಎಂದಳು ಟಿಟ್ಟಜ್ಜಿ. "ಈಗ ಇದನ್ನ ನೋಡು. ನಾಲ್ಕು ಹೆಜ್ಜೆ, ಆಮೇಲೆ ಒಂದೇ ಕಡೆ ಇಷ್ಟೊಂದು ತುಳಿದಾಟ. ಇಲ್ಲಿ ನಿಂತು ಏನ್ಮಾಡಿದೆ?"

"ಅದು... ಮೊಲದ ಮಗಳ ಮದುವೆ ವಿಷಯ."

"ಇಲ್ಲಿ?"

"ಅದೇ ಮದುವೆಯ ಊಟದ ವಿಷಯ."

"ಹೊಲದ ಹತ್ತಿರವಂತೂ ಕೇಳೋದೇ ಬೇಡ, ಜಾತ್ರೆ ನಡೆದ ಹಾಗಿದೆ. ನಡೆದದ್ದು ಚೂರು, ನಿಂತದ್ದು ಊರಷ್ಟು, ತಿಂದದ್ದು ಎರಡರಷ್ಟು. ಬೈಸಿಕೊಳ್ಳೋದು ಮಾತ್ರ ನಡಿಗೆ!"

ನೀಲವ್ವನಿಗೆ ನಾಚಿಕೆಯಾಯಿತು. ಅಜ್ಜಿ ಸುಮ್ಮನಾಗಲಿಲ್ಲ.

"ನಿನ್ನ ಹೆಜ್ಜೆ ಬಿಡು. ಈಗ ಅವನದು ನೋಡು."

ನೀಲವ್ವ ನೋಡಿದಳು. ಮೊದಲ ದಿನ ಕೆಂಚನ ಹೆಜ್ಜೆ ಹತ್ತು ಮಾರು ದೂರದಲ್ಲಿತ್ತು. ನಾಲ್ಕನೆಯ ದಿನ ಎಂಟು ಮಾರು. ಹತ್ತನೆಯ ದಿನ ಐದು. ನಿನ್ನೆಯದು ಎರಡೇ ಮಾರು. ಕತೆ ಕೇಳುತ್ತ ಅವಳು ಅತ್ತ ನೋಡಿಯೇ ಇರಲಿಲ್ಲ.

ಅವಳು ಆ ಹೆಜ್ಜೆಯಿಂದ ಹಿಂದಕ್ಕೆ ಸರಿದಳು. "ಅಜ್ಜೀ, ಅವನು ನನ್ನನ್ನ ನಡೆಸ್ತಿರ್ಲಿಲ್ಲ."

"ಮತ್ತೆ? ಮೇಯಿಸ್ತಿದ್ದ. ನಾಳೆಯಿಂದ ನನ್ನ ಜೊತೆ ಬಾ."

ಟಿಟ್ಟಜ್ಜಿಯ ನಡಿಗೆ ಬೇರೆಯೇ. ಕೆರೆಗೆ ಮೂರು ಸುತ್ತು, ನಡುವೆ ನಿಲ್ಲುವ ಹಾಗಿಲ್ಲ. "ಮಾತಾಡೋಕೆ ಉಸಿರಿರಬೇಕು, ಹಾಡೋಕೆ ಇರಬಾರದು. ಅಷ್ಟು ಜೋರು ಸಾಕು," ಎನ್ನುತ್ತಿದ್ದಳು. ಮೊದಲ ದಿನ ನೀಲವ್ವನಿಗೆ ಆದದ್ದು ಒಂದೇ ಸುತ್ತು. ಅಜ್ಜಿ ಬೈಯಲಿಲ್ಲ. "ನಾಳೆ ಒಂದೂಕಾಲು," ಎಂದಳು, ಅಷ್ಟೇ.

ಕೆಂಚ ಬಂದು ಕೂಗಿದ. "ಏನು ತಂಗೀ, ಅಣ್ಣನ್ನ ಬಿಟ್ಟೇ ಹೊರಟೆ? ಗೂಬೆ ಮನೆಯಲ್ಲಿ ಏನಾಯ್ತು ಗೊತ್ತಾ?"

"ಉಸಿರಿಲ್ಲ ಕೆಂಚಣ್ಣ!" ಎಂದು ನೀಲವ್ವ ನಿಲ್ಲದೇ ಹೋದಳು.

ಮೇಲಿನಿಂದ ಕಾಜಾಣ, "ಅಜ್ಜಿ ಜೊತೆ ತೀರ್ಥಯಾತ್ರೆನಾ ನೀಲವ್ವ?" ಎಂದು ಚುಡಾಯಿಸಿದ. ಅದಕ್ಕೂ ಅವಳು ನಿಲ್ಲಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಹೊಲದಲ್ಲಿ. ಮರಿಗಳು ಬಿಟ್ಟ ಅರ್ಧ ಕಾಯಿ ಕಣ್ಣೆದುರೇ ಬಿದ್ದಿರುತ್ತಿತ್ತು. ಅವಳ ಕತ್ತು ತಾನಾಗಿಯೇ ಬಗ್ಗುತ್ತಿತ್ತು. ಆಗ, "ಇರುವೆಗೂ ಮನೆಯಿದೆ, ಮಕ್ಕಳಿವೆ," ಎಂದು ತನಗೆ ತಾನೇ ಹೇಳಿಕೊಂಡು ಕತ್ತು ಎತ್ತುತ್ತಿದ್ದಳು. ತನ್ನ ಪಾಲು ತಿಂದು ಹೊರಡುತ್ತಿದ್ದಳು.

ಎಂಟು ದಿನ ಕಳೆಯಿತು. ಕೊಂಬೆ ಮೊದಲನೆಯದೇ.

"ಅಜ್ಜಿ, ಇನ್ನೂ ಅಲ್ಲೇ ಇದ್ದೀನಿ," ಎಂದಳು ನೀಲವ್ವ ಸಪ್ಪೆ ಮುಖ ಮಾಡಿಕೊಂಡು.

"ದಪ್ಪ ಆಗೋಕೆ ಎಷ್ಟು ದಿನ ತಗೊಂಡೆ?"

"ಒಂದೂವರೆ ತಿಂಗಳು."

"ಇಳಿಯೋಕೆ ಮಾತ್ರ ಎಂಟೇ ದಿನವಾ? ನಡಿ ನಡಿ. ನಿನಗೇ ಗೊತ್ತಾಗಿಲ್ಲ, ಇವತ್ತು ಎರಡು ಸುತ್ತು ಮುಗಿಸಿ ಮಾತಾಡ್ತಿದ್ದೀಯ."

ಹೌದಲ್ಲ! ನೀಲವ್ವ ಉಸಿರು ಎಳೆದು ನೋಡಿದಳು. ಬುಸಬುಸ ಇರಲಿಲ್ಲ. ಹನ್ನೆರಡನೆಯ ದಿನ ಬಂಡೆ ಹತ್ತದೆಯೇ ಮೊದಲನೆಯ ಕೊಂಬೆ ಸಿಕ್ಕಿತು. ಇಪ್ಪತ್ತನೆಯ ದಿನ ಎರಡನೆಯದರ ತುದಿ ಕಾಲಿಗೆ ತಾಗಿ ಜಾರಿತು.

ಕೆಂಚ ಇದನ್ನೆಲ್ಲ ದೂರದಿಂದ ನೋಡುತ್ತಲೇ ಇದ್ದ. ದಿನವೂ ಹೊಲಕ್ಕೆ ಹೋಗಿ, ಬೇಜಾರಿಗೆ ಕಡಲೆಕಾಯಿ ತಿನ್ನುತ್ತ ಯೋಚಿಸುತ್ತಿದ್ದ. ಇನ್ನು ಕಾದರೆ ಇವಳು ಕೈಗೆ ಸಿಗುವುದಿಲ್ಲ. ಇವತ್ತೇ ಆಗಬೇಕು.

ಆ ಸಂಜೆ ಅವನು ಹುಣಸೆ ಮರದ ಕೆಳಗಿನ ಬಂಡೆಯ ಹಿಂದೆ ಅಡಗಿ ಕೂತ. ಮರಿಗಳು ಆಗಲೇ ಮೇಲಿದ್ದವು. ನೀಲವ್ವ ನೀರು ಕುಡಿದು, ಏನೂ ಅರಿಯದೆ ಬಂಡೆಯ ಕಡೆಗೇ ಬರುತ್ತಿದ್ದಳು. ನಾಲ್ಕು ಮಾರು. ಮೂರು ಮಾರು. ಎರಡು.

"ಟಿಟ್ಟೀ... ಟಿಟ್ಟೀ... ಟಿಟ್!"

ಕೆರೆಯ ಆಚೆ ದಡದಿಂದ ಟಿಟ್ಟಜ್ಜಿ ಕಾಡೇ ಬೆಚ್ಚುವ ಹಾಗೆ ಕಿರುಚಿದಳು. ಬಂಡೆಯ ಹಿಂದಿನಿಂದ ಕೆಂಚ ನೆಗೆದ. ನೀಲವ್ವ ನೆಲದಿಂದಲೇ ನೆಗೆದಳು. ಅವಳು ಬಂಡೆಯನ್ನು ನೋಡಲಿಲ್ಲ, ಕೊಂಬೆ ಎಣಿಸಲಿಲ್ಲ. ದಿನವೂ ಕೆರೆ ಸುತ್ತಿದ ಕಾಲುಗಳು ನೆಲವನ್ನು ಒದ್ದವು, ರೆಕ್ಕೆಗಳು ಪಟಪಟನೆ ಬಡಿದವು, ಎಲೆಗಳು ಮುಖಕ್ಕೆ ತಾಗಿದವು.

ಕೆಳಗೆ "ಧೊಪ್" ಎಂದು ಸದ್ದಾಯಿತು.

ಕೆಂಚ ಒಳ್ಳೆಯ ನೆಗೆತಗಾರನೇ. ಆದರೆ ಹದಿನೈದು ದಿನ ಜೊತೆಗೆ ತಿಂದ ಕಡಲೆಕಾಯಿ, ಆಮೇಲೆ ಒಬ್ಬನೇ ತಿಂದ ಕಡಲೆಕಾಯಿ, ಎಲ್ಲ ಅವನ ಹೊಟ್ಟೆಯಲ್ಲೇ ಇತ್ತಲ್ಲ! ನೆಗೆತ ಅರ್ಧಕ್ಕೇ ಮುಗಿದು, ಹೊಟ್ಟೆ ಬಂಡೆಗೆ ಬಡಿದು ಬಿದ್ದ. ಬಾಯಿಗೆ ಸಿಕ್ಕಿದ್ದು ಒಂದು ಕಂದು ಗರಿ ಮಾತ್ರ. ಅದನ್ನು ಥೂ ಎಂದು ಉಗುಳಿ, ಕುಂಟುತ್ತ ಪೊದೆಯೊಳಗೆ ಹೋದ.

ನೀಲವ್ವ ಕಣ್ಣು ಮುಚ್ಚಿಕೊಂಡೇ ಕೊಂಬೆ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಏನೋ ಮೆತ್ತಗೆ ತಾಗಿತು.

"ಅವ್ವಾ," ಎಂದಿತು ಕೊನೆಯ ಮರಿ, "ಇದು ಮೂರನೇದು."

ನೀಲವ್ವ ಕಣ್ಣು ತೆರೆದು ಕೆಳಗೆ ನೋಡಿದಳು. ಒಂದು. ಎರಡು. ಹೌದು, ತಾನು ಕೂತದ್ದು ಮೂರನೆಯದು. ಅವಳು ಒಂದು ದೊಡ್ಡ ಉಸಿರು ಬಿಟ್ಟಳು. ಎಷ್ಟೋ ದಿನದಿಂದ ಒಳಗೇ ಹಿಡಿದಿಟ್ಟುಕೊಂಡಿದ್ದ ಉಸಿರು ಅದು. ಆಮೇಲೆ ರೆಕ್ಕೆ ಅಗಲಿಸಿದಳು. ಮೂರೂ ಮರಿಗಳು ಜಗಳವಾಡುತ್ತ ಒಳಗೆ ನುಗ್ಗಿದವು.

"ಸರ್ಕೊಳ್ಳೋ, ನನಗೆ ಜಾಗ ಇಲ್ಲ!"

"ದಪ್ಪಗಿದ್ದಾಗ್ಲೇ ಅವ್ವ ಜಾಸ್ತಿ ಬೆಚ್ಚಗಿದ್ದಳು," ಎಂದಿತು ಒಂದು ಮರಿ. ನೀಲವ್ವನಿಗೆ ನಗು ತಡೆಯಲಾಗಲಿಲ್ಲ.

ಕೆಳಗಿನಿಂದ ಟಿಟ್ಟಜ್ಜಿಯ ಧ್ವನಿ ಬಂತು. "ಮೂರನೇ ಕೊಂಬೆ ಸಿಕ್ತು ಅಂತ ನಾಳೆ ತಪ್ಪಿಸ್ಕೊಂಡೀಯೇ!"

"ಬರ್ತೀನಿ ಅಜ್ಜಿ!"

ಬೆಳಿಗ್ಗೆ ಅವರಿಬ್ಬರೂ ಮೊದಲ ಸುತ್ತಿನಲ್ಲಿದ್ದಾಗ, ಕೆರೆಯ ಆಚೆ ದಡದಲ್ಲಿ ಯಾರೋ ನಾಲಿಗೆ ಹೊರಹಾಕಿಕೊಂಡು, ಯಾರಿಗೂ ಕಾಣಬಾರದೆಂದು ಪೊದೆಗಳ ಮರೆಯಲ್ಲೇ ಬಿರಬಿರನೆ ನಡೆಯುತ್ತಿದ್ದುದು ಕಾಣಿಸಿತು. ನೀಲವ್ವ ನಗಲಿಲ್ಲ. ಹತ್ತು ಮಾರಲ್ಲ, ನೂರು ಮಾರು ದೂರವಿದೆಯೇ ಎಂದು ಒಮ್ಮೆ ನೋಡಿಕೊಂಡು, ಹೆಜ್ಜೆ ಇನ್ನಷ್ಟು ಜೋರು ಮಾಡಿದಳು.

ನೀತಿ: ನಡಿಗೆಯೂ ನಿಜವಾದ ವ್ಯಾಯಾಮವೇ, ಆದರೆ ನಿಂತು ಹರಟಿದ್ದನ್ನೂ ಕೂತು ತಿಂದದ್ದನ್ನೂ ನಡಿಗೆಯ ಲೆಕ್ಕಕ್ಕೆ ಸೇರಿಸಬಾರದು.